ಕಲ್ಲಿನೊಳಗಿನ ಜರೀಗಿಡ

ಮೊನ್ನೆ ಅಡುಗೆಮನೆ ಕಟ್ಟೆಯ ಮೇಲೆ ನಿಂಬೆರಸ ಚೆಲ್ಲಿತು. ಒರೆಸುವಷ್ಟರಲ್ಲಿ ಒದ್ದೆ ಕಲ್ಲಿನ ಮೇಲಿಂದ ಹುಳಿಯ ಘಮ ಎದ್ದು, ಮಲ್ಲೇಶ್ವರದ ಆ ಹಜಾರ ಕಣ್ಣಮುಂದೆ ಬಂದು ನಿಂತಿತು...

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುವಾಗ ನಾನು ಆ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೀದಿಯವರೆಲ್ಲ ಕರೆಯುವಂತೆ ನಾನೂ ಮನೆಯೊಡತಿಯನ್ನು ಆಂಟಿ ಎನ್ನುತ್ತಿದ್ದೆ. ಅವರ ಯಜಮಾನರು ರಸ್ತೆ ಇಂಜಿನಿಯರ್ ಆಗಿದ್ದವರು. ಬೆಳಿಗ್ಗೆ ಊಟ ತುಂಬಿಕೊಂಡು ಹೋದ ಕ್ಯಾರಿಯರ್ ಸಂಜೆ ಕಲ್ಲು ತುಂಬಿಕೊಂಡು ಬರುತ್ತಿತ್ತಂತೆ. ಅವರು ತೀರಿಕೊಂಡ ಮೇಲೆ ಆ ಕಲ್ಲುಗಳೆಲ್ಲ ಗಾಜಿನ ಬೀರುವಿನಲ್ಲಿ ಹೆಸರಿಲ್ಲದೆ ಕೂತಿದ್ದವು. ಹತ್ತಿರದ ಶಾಲೆಗೆ ಕೊಡಬೇಕು, ಕೊಡುವ ಮೊದಲು ಯಾವುದು ಏನು ಅಂತ ಗೊತ್ತಾಗಬೇಕು ಎಂದು ಆಂಟಿ ನನ್ನನ್ನು ಕರೆದರು.

ನಮ್ಮ ಭಾನುವಾರದ ಮಧ್ಯಾಹ್ನಗಳು ಹಾಗೆ ಶುರುವಾದವು. ಹಳೆಯ ಬೆಡ್‌ಶೀಟ್ ಹಾಸಿ ಕಲ್ಲು ಹರವುತ್ತಿದ್ದೆವು. ಪುಡಿ ಕೆರೆದು ನಿಂಬೆರಸ ಬಿಟ್ಟಾಗ ನೊರೆ ಬಂದರೆ ಸುಣ್ಣದ ಜಾತಿ. ಚಾಕುವಿಗೂ ಗೀರು ಬೀಳದಿದ್ದರೆ ಬಹುಶಃ ಸ್ಫಟಿಕ. ಕರಿಯ ಕಬ್ಬಿಣದ ಅದಿರನ್ನು ಟೈಲ್ಸ್‌ನ ಒರಟು ಬೆನ್ನಿಗೆ ಉಜ್ಜಿದರೆ ಕೆಮ್ಮಣ್ಣಿನ ಬಣ್ಣದ ಗೆರೆ ಮೂಡುತ್ತಿತ್ತು. ಆಂಟಿ ಅದನ್ನೇ ಮತ್ತೆ ಮತ್ತೆ ಎಳೆದು ನೋಡುತ್ತಿದ್ದರು. ಕಿಟಕಿಯ ಬಿಸಿಲು ನೇರಳೆ ಹರಳಿನೊಳಗೆ ಹೊಕ್ಕು ಗೋಡೆಯ ಮೇಲೆ ತೇಲುತ್ತಿತ್ತು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ...

ಒಂದನ್ನು ಮಾತ್ರ ಅವರು ಕೊನೆಗೆ ಉಳಿಸಿಕೊಂಡಿದ್ದರು. ಕೆನೆಬಣ್ಣದ ಚಪ್ಪಟೆ ಕಲ್ಲು, ಅದರ ಮೇಲೆ ಎಳೆ ಎಳೆಯಾಗಿ ಕಪ್ಪು ಜರೀಗಿಡ. ಮದುವೆಯಾದ ಹೊಸದರಲ್ಲಿ ಯಜಮಾನರು ಅದನ್ನು ಅವರ ಕೈಗಿಟ್ಟು, ಇದು ಕೋಟಿ ವರ್ಷದ ಹಿಂದೆ ಚಿಗುರಿದ ಗಿಡ ಎಂದಿದ್ದರಂತೆ. ನಾನು ಲೆನ್ಸ್ ಇಟ್ಟು ನೋಡಿದೆ. ಎಲೆಯಿರಲಿಲ್ಲ, ಎಲೆಯ ನರವೂ ಇರಲಿಲ್ಲ. ಗೊತ್ತಾದ ಮೇಲೂ ನೋಡುತ್ತಲೇ ಇದ್ದೆ. ತಲೆಯೆತ್ತಲು ಮನಸ್ಸಾಗಲಿಲ್ಲ.

“ಏನಿದ್ರೂ ಹೇಳಮ್ಮ,” ಎಂದರು ಆಂಟಿ.

“ಇದು ಗಿಡ ಅಲ್ಲ ಆಂಟಿ. ಪಳೆಯುಳಿಕೆನೇ ಅಲ್ಲ. ಬಿರುಕಲ್ಲಿ ನೀರು ಇಳಿದು, ಅದರಲ್ಲಿದ್ದ ಮ್ಯಾಂಗನೀಸ್ ಹೀಗೆ ಕವಲೊಡೆದು ಕೂತಿದೆ.”

ಅವರು ಕಲ್ಲನ್ನು ಮಡಿಲಲ್ಲಿಟ್ಟುಕೊಂಡರು. ಅದರ ಕವಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ ನಕ್ಕರು.

“ಅವ್ರಿಗೆ ಗೊತ್ತಿತ್ತು ಅನ್ಸುತ್ತೆ ಕಣಮ್ಮ. ನಂಗೆ ಗಿಡ ಅಂದ್ರೆ ಇಷ್ಟ ಅಂತ ಹಾಗಂದಿರ್ತಾರೆ.”

ಉಳಿದ ಕಲ್ಲುಗಳೆಲ್ಲ ಶಾಲೆಗೆ ಹೋದವು. ಅದೊಂದು ಅವರ ಮಂಚದ ಪಕ್ಕದ ಕಿಟಕಿಯಲ್ಲಿ ಉಳಿಯಿತು.

ಆಂಟಿ ಹೋಗಿ ವರ್ಷಗಳಾದವು. ಆ ಮನೆಯಿದ್ದ ಜಾಗದಲ್ಲಿ ಈಗ ಬೇರೆ ಕಟ್ಟಡವಿದೆ; ಕಿಟಕಿಯ ಕಲ್ಲು ಯಾರ ಪಾಲಾಯಿತೋ... ಯಜಮಾನರಿಗೆ ನಿಜಕ್ಕೂ ಗೊತ್ತಿತ್ತೇ ಎಂದು ಆಗಾಗ ಯೋಚಿಸುತ್ತೇನೆ. ಗೊತ್ತಿತ್ತು ಎಂದೇ ನಂಬಿಕೊಂಡಿದ್ದೇನೆ. ಹೌದೋ ಅಲ್ಲವೋ ಹೇಳಲು ಈಗ ಇಬ್ಬರೂ ಇಲ್ಲ.