ಕವರ್ ಎಂಬ ಮಾತಿನ ಒಂದೇ ಅರ್ಥ

ಗೌರಿ, ಅಂದು ದೊರೆ ಹೇಳಿದ ಮಾತು ನನಗೆ ಸರಿಯಾಗಿಯೇ ಅರ್ಥವಾಗಿತ್ತು. ನಿಮ್ಮಪ್ಪನ ಕೆಲಸ ಕಳೆದದ್ದು ಇಂಗ್ಲಿಷ್ ಅಲ್ಲ, ನಾನು. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಲಿಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ.

ಆಗ ನಾನು ಬಾಳೂರಿನ ಆಚೆಯ ಆ ಬಿಳಿ ದೊರೆಯ ಎಸ್ಟೇಟಿನಲ್ಲಿ ರೈಟರ್, ಅಂದರೆ ಗುಮಾಸ್ತ. ಬೆಳಿಗ್ಗೆ ಮಸ್ಟರ್ ಕರೆದು ಹಾಜರಿ ಹಾಕುವುದು, ದೊರೆಯ ಇಂಗ್ಲಿಷನ್ನು ಕನ್ನಡ ಮಾಡಿ ಆಳುಗಳಿಗೆ ಮುಟ್ಟಿಸುವುದು — ಅದೇ ನನ್ನ ಕೆಲಸ, ಅದೇ ನನ್ನ ಜಂಬ. ನಿಮ್ಮಪ್ಪ ಮಂಜಪ್ಪಣ್ಣ ಮೇಸ್ತ್ರಿ. ನೀನು ಆಳುಗಳ ಲೈನ್ ಮನೆಯಿಂದ ಒಡೆದ ಸ್ಲೇಟು ಹಿಡಿದು ನನ್ನ ಆಫೀಸಿನ ಜಗಲಿಗೆ ಬರುತ್ತಿದ್ದ ಹುಡುಗಿ. ಒಂದು ಬದಿಗೆ ಕನ್ನಡದ ಅಕ್ಷರ, ಇನ್ನೊಂದು ಬದಿಗೆ ಇಂಗ್ಲಿಷಿನದು. ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರಡೆರಡು ಅರ್ಥದ ಮಾತುಗಳು. ಮರದ ತೊಗಟೆಗೂ ಬಾರ್ಕ್, ನಾಯಿ ಬೊಗಳಿದರೂ ಬಾರ್ಕ್ ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಾವು ಮಲಗುವುದೂ ಬೆಡ್, ಕಾಫಿ ಸಸಿಯ ಮಡಿಯೂ ಬೆಡ್ ಎಂದರೆ, "ಹಂಗಾರೆ ಸಸಿಗಳಿಗೆ ಕಂಬ್ಳಿ ಹೊದಿಸೋರು ಯಾರು ರೈಟ್ರೇ?" ಎಂದು ಕೇಳಿದ್ದೆ.

ಯಾವ ಹೊತ್ತಿಗೆ ಯಾವ ಅರ್ಥ ಎಂದು ತಿಳಿಯುವುದು ಹೇಗೆ — ಅದನ್ನೂ ನಾನೇ ಕಲಿಸಿದ್ದೆ. ಹೇಳಿದವರು ಎಲ್ಲಿ ನಿಂತಿದ್ದಾರೆ, ಏನನ್ನು ನೋಡಿಕೊಂಡು ಹೇಳಿದರು, ಅದನ್ನು ಗಮನಿಸು, ಅರ್ಥ ತಾನಾಗಿ ತಿಳಿಯುತ್ತದೆ ಎಂದಿದ್ದೆ. ನೀನು ಅದನ್ನು ಮರೆಯಲಿಲ್ಲ.

ಆ ದಿನ ಕೊಯ್ಲಿನ ಕೊನೆ. ಅಂಗಳದ ತುಂಬ ಪಾರ್ಚ್‌ಮೆಂಟ್ ಒಣಗುತ್ತಿತ್ತು. ತೊಳೆದು ಸಿಪ್ಪೆ ತೆಗೆದ ಕಾಫಿ, ಇನ್ನೆರಡು ಬಿಸಿಲು ಸಿಕ್ಕಿದ್ದರೆ ಮೂಟೆಗೆ ಹೋಗುವಂಥದ್ದು. ಹಿಂದೊಮ್ಮೆ ನಿಮ್ಮಪ್ಪ ಮೋಡ ನೋಡಿ ತಾನಾಗಿಯೇ ಟಾರ್ಪಾಲು ಹೊದಿಸಿದ್ದಕ್ಕೆ, ಮಳೆ ಬಾರದೆ ಬಿಸಿಲು ಹಾಳಾಯಿತೆಂದು ದೊರೆ ಕೂಗಾಡಿದ್ದ. ಅಂದಿನಿಂದ ಕಟ್ಟಪ್ಪಣೆ: ಬಂಗಲೆಯಿಂದ ಮಾತು ಬಾರದೆ ಅಂಗಳದ ಕಾಫಿಯನ್ನು ಯಾರೂ ಮುಟ್ಟಬಾರದು. ಆ ಮಾತು ಬರುವ ದಾರಿ ನಾನೊಬ್ಬನೇ.

ಮಧ್ಯಾಹ್ನ ದೊರೆ ಬಂಗಲೆಯ ಮೆಟ್ಟಿಲ ಮೇಲೆ ನಿಂತು ಕುದುರೆಮುಖದ ಕಡೆಯ ಮೋಡ ನೋಡಿದ. ಜೊತೆಯಲ್ಲಿ ಚಿಕ್ಕಮಗಳೂರಿನಿಂದ ನೆಂಟನಾಗಿ ಬಂದ ಇನ್ನೊಬ್ಬ ಬಿಳಿಯ. ಮಳೆ ಬರುತ್ತದೆ, ಕಾಫಿ ಕವರ್ ಮಾಡಲು ಮಂಜಪ್ಪನಿಗೆ ಹೇಳು ಎಂದ. ಅಷ್ಟೇ. ಅದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ.

ಆಮೇಲೆ ನೆಂಟನಿಗೆ ನನ್ನನ್ನು ತೋರಿಸಿ, ಇವನು ನನ್ನ ರೈಟರ್ ಎಂದ. ಓಹೋ, ಯಾವ ಯಾವ ಪುಸ್ತಕ ಬರೆದಿದ್ದಾನೆ? — ಅವನು ಕೇಳಿದ. ಇಬ್ಬರೂ ನಕ್ಕರು. ದೊರೆ ಕಣ್ಣು ಒರೆಸಿಕೊಂಡು ನಕ್ಕ. ನಾನೂ ಹಲ್ಲು ಕಿರಿದೆ ಗೌರಿ, ನಗದೆ ಏನು ಮಾಡಲಿ. ಆದರೆ ಮೈಯೆಲ್ಲ ಉರಿಯಿತು. ಗುಟ್ಟಾಗಿ ಕಥೆ ಬರೆದು ಟ್ರಂಕಿನಲ್ಲಿಟ್ಟಿದ್ದವನು ನಾನು. ಅದು ಅವರಿಗೆ ಗೊತ್ತಿರಲಿಲ್ಲ, ಆದರೂ...

ನಾನು ಮೇಲಿನ ತೋಟಕ್ಕೆ ಹೋಗಲಿಲ್ಲ. ನಿಮ್ಮಪ್ಪ ಅಲ್ಲಿ ಕೊಯ್ಲು ಮಾಡಿಸುತ್ತಿದ್ದ, ಕೂಗಿದರೆ ಕೇಳುವಷ್ಟೇ ದೂರ. ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡೆ. ದೊರೆಸಾನಿ ಕೊಟ್ಟಿದ್ದ ಹಳೆಯ ಡಿಕ್ಷನರಿ ತೆಗೆದೆ. ರೈಟರ್ ಎಂದರೆ ಗುಮಾಸ್ತ ಎಂದೂ ಇದೆಯೋ ಇಲ್ಲವೋ, ನಗುವಂಥದ್ದು ಅದರಲ್ಲಿ ಏನಿದೆ — ಅದನ್ನೇ ಹುಡುಕುತ್ತ ಕೂತೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಕಾಫಿ ಕೆದಕುವ ಹೆಂಗಸರು ಕೈ ನಿಲ್ಲಿಸಿ ಒಮ್ಮೆ ಮೋಡ ನೋಡುತ್ತಿದ್ದರು, ಒಮ್ಮೆ ನನ್ನ ಬಾಗಿಲು ನೋಡುತ್ತಿದ್ದರು. ನಾನು ಕಂಡೆ. ಕಂಡೂ ಪುಟ ತಿರುವಿದೆ. ದೊರೆಯ ಮಾತು ಒಂದು ಗಳಿಗೆ ಕಾಯಲಿ ಎನ್ನುವ ಹಟ.

ಎರಡೂ ಅರ್ಥ ಇದ್ದವು. ಅದನ್ನು ಓದಿ ಸಮಾಧಾನವಾಗುವಷ್ಟರಲ್ಲಿ ತಗಡಿನ ಮೇಲೆ ಹನಿ ಬಿದ್ದವು.

ಹೊರಗೆ ಓಡಿದೆ. ನಿಮ್ಮಪ್ಪ ಮೇಲಿಂದ ಬಿದ್ದು ಎದ್ದು ಓಡಿ ಬರುತ್ತಿದ್ದ. ಎಲ್ಲರೂ ಸೇರಿ ಟಾರ್ಪಾಲು ಎಳೆದೆವು, ಆದರೆ ಅಷ್ಟರಲ್ಲಿ ಕಾಫಿ ನೀರಿನಲ್ಲಿ ತೇಲುತ್ತಿತ್ತು.

ಮರುದಿನ ಬೆಳಿಗ್ಗೆ ದೊರೆ ಅಂಗಳಕ್ಕೆ ಬಂದ. ಕಪ್ಪಿಟ್ಟ ಕಾಫಿಯನ್ನು ಬೂಟಿನಲ್ಲಿ ಒದ್ದು, ಮಂಜಪ್ಪನಿಗೆ ಹೇಳಿದೆಯಾ ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ. ನಿಮ್ಮಪ್ಪ ನನ್ನ ಪಕ್ಕದಲ್ಲೇ ಕೈ ಕಟ್ಟಿ ನಿಂತಿದ್ದ. ನಾನು ಅವನ ಪರವಾಗಿಯೇ ಏನೋ ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದ.

"ಯೆಸ್ ಸರ್" ಎಂದೆ.

ಇಡೀ ಎಸ್ಟೇಟಿಗೆ ಗೊತ್ತಿದ್ದ ಎರಡು ಮಾತು. ಆದರೆ ಯಾವ ಪ್ರಶ್ನೆಗೆ ಹಾಗೆಂದೆ ಎಂಬುದು ಯಾರಿಗೂ ತಿಳಿಯಲಿಲ್ಲ. ದೊರೆ ಇನ್ನೇನೋ ಕೂಗಿ ತಿರುಗಿ ನಡೆದ. ಅಪ್ಪಣೆ ಇದ್ದೂ ಕಾಫಿ ಹೊದಿಸಲಿಲ್ಲವೆಂದು ಕೆಲಸ ಹೋಯಿತು, ಶನಿವಾರದೊಳಗೆ ಲೈನ್ ಮನೆ ಬಿಡಬೇಕು ಎನ್ನುವುದನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು.

"ನಂಗೆ ಹೇಳ್ಲೇ ಇಲ್ವಲ್ಲ ರೈಟ್ರೇ," ಎಂದ ನಿಮ್ಮಪ್ಪ. ಸಿಟ್ಟಿರಲಿಲ್ಲ ಅವನಲ್ಲಿ, ಗಾಬರಿ ಇತ್ತು. "ದೊರೆಗೆ ಒಂದ್ ಮಾತು ಹೇಳಿ. ಹೆಂಡ್ತಿ ಮಕ್ಳು ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಆಗಲಾದರೂ — ಇಲ್ಲ. ಬಾಯಿಗೆ ಬಂದದ್ದು ಇನ್ನೊಂದು ಸುಳ್ಳು. "ನಂದೂ ತಪ್ಪಲ್ಲ ಮಂಜಪ್ಪಣ್ಣ. ದೊರೆ ಕವರ್ ಅಂದ್ರು. ಕವರ್ ಅಂದ್ರೆ ಹೊದಿಸು ಅಂತ್ಲೂ ಹೌದು, ಟಪಾಲಿನ ಲಕೋಟೆ ಅಂತ್ಲೂ ಹೌದು. ನಾನು ಲಕೋಟೆ ಅಂದ್ಕೊಂಡೆ. ಈಗ ಹೇಳಿದ್ರೆ ದೊರೆ ಕೇಳಲ್ಲ."

ಆಗ ನೀನು ಮಾತಾಡಿದೆ. ಅಪ್ಪನ ಹಿಂದೆ ನಿಂತಿದ್ದೆ, ಕೈಯಲ್ಲಿ ಅದೇ ಸ್ಲೇಟು.

"ದೊರೆ ಮೋಡ ನೋಡ್ಕೊಂಡು ಹೇಳಿದ್ರಲ್ವಾ ರೈಟ್ರೇ? ಮೋಡ ನೋಡ್ಕೊಂಡು ಲಕೋಟೆ ಅಂತ ಯಾಕೆ ಹೇಳ್ತಾರೆ?"

ಬಂಗಲೆಯ ಮೆಟ್ಟಿಲು ಗುಡಿಸುತ್ತಿದ್ದ ನಿಮ್ಮವ್ವ ದೊರೆಯನ್ನು ನೋಡಿದ್ದಳೋ ಏನೋ, ನಿನಗೆ ಹೇಳಿದ್ದಳೋ ಏನೋ. ಸುತ್ತ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ನಾನು ನಕ್ಕೆ ಗೌರಿ. ದೊರೆಯ ನೆಂಟ ನನ್ನನ್ನು ನೋಡಿ ನಕ್ಕಂತೆಯೇ ನಕ್ಕೆ.

"ನಿಂಗೆ ಬರಲ್ಲ ಮಗಾ. ನಾಲ್ಕು ಅಕ್ಷರ ಕಲ್ತಿದ್ದಕ್ಕೆ ಇಂಗ್ಲಿಷ್ ಬಂತು ಅಂದ್ಕೊಂಡ್ಯಾ?"

ಎಲ್ಲರೂ ನಕ್ಕರು. ನಿಮ್ಮಪ್ಪ ನಿನ್ನ ತಲೆಗೊಂದು ಮೊಟಕಿದ. "ದೊಡ್ಡೋರ ಮುಂದೆ ಬಾಯಿ ಬಿಡ್ತೀಯಾ?" ಎಂದ. ಆಮೇಲೆ ನನ್ನ ಭುಜ ಹಿಡಿದು ನನ್ನನ್ನೇ ಸಮಾಧಾನ ಮಾಡಿದ. "ಬಿಡಿ ಮಾರಾಯ್ರೇ, ನಿಮ್ಮದೆಂತ ತಪ್ಪು? ಒಂದ್ ಮಾತಿಗೆ ಎರಡ್ ಅರ್ಥ ಇಟ್ಕೊಂಡಿರೋರ ಭಾಷೆ ಅದು. ನನ್ ಮಗ್ಳಿಗೆ ಅದ್ರ ಸಹವಾಸವೇ ಬೇಡ." ನಿನ್ನ ಕೈಯಿಂದ ಸ್ಲೇಟು ತೆಗೆದು ನನ್ನ ಜಗಲಿಯ ಮೇಲಿಟ್ಟ.

ನೀವು ಕಳಸದ ಕಡೆ ಹೋದಿರಿ. ಮೇಸ್ತ್ರಿಯಾಗಿದ್ದವನು ಯಾರದೋ ಸಣ್ಣ ತೋಟದಲ್ಲಿ ಕೂಲಿಯಾದನೆಂದು ಕೇಳಿದೆ. ಹೋಗಿ ಹೇಳಬೇಕೆಂದು ಪ್ರತಿ ಕೊಯ್ಲಿನಲ್ಲೂ ಅಂದುಕೊಂಡೆ. ಈ ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ ಎನ್ನುತ್ತಿರುವಾಗಲೇ ಅವನು ಹೋದ ಸುದ್ದಿ ಬಂತು. ಅವನು ನನ್ನನ್ನು ನಂಬಿಕೊಂಡೇ ಸತ್ತ.

ಈ ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಹುಡುಕಿಕೊಂಡು ಮೊನ್ನೆ ಆಲ್ದೂರಿಗೆ ಬಂದಿದ್ದೆ. ಅಲ್ಲಿ ನೀನು ಸಿಕ್ಕಿದೆ. ನೀನೇ ಗುರುತು ಹಿಡಿದು, "ಆರಾಮಿದ್ದೀರಾ ರೈಟ್ರೇ?" ಎಂದೆ. ನಿನ್ನ ಮಗಳು ಅಂಗಡಿಯ ಬೋರ್ಡು ತೋರಿಸಿ ಅದೇನು ಬರೆದಿದೆ ಎಂದು ಕೇಳಿದಳು. ಕನ್ನಡದ ಬೋರ್ಡೇ ಅದು.

"ನಂಗೆ ಬರಲ್ಲ ಮಗಾ," ಎಂದೆ ನೀನು. ನನ್ನನ್ನು ತೋರಿಸಿ ನಗುತ್ತಲೇ ಹೇಳಿದೆ: "ಸಣ್ಣೋಳಿದ್ದಾಗ ಇವ್ರು ಪಾಪ ಎಷ್ಟು ಕಲಿಸಿದ್ರು. ನನ್ ತಲೆಗೇ ಹತ್ಲಿಲ್ಲ."

ಅಲ್ಲಿಯೇ ಹೇಳಬೇಕಿತ್ತು. ಸೀಮೆಎಣ್ಣೆಯನ್ನೂ ತಾರದೆ ಮನೆಗೆ ಬಂದು ಇದನ್ನು ಬರೆಯಲು ಕೂತೆ. ಬರೆದು ನಿನಗೆ ಕಳಿಸಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಇಷ್ಟು ಬರೆದ ಮೇಲೆ ಹೊಳೆಯುತ್ತಿದೆ — ನೀನು ಇದನ್ನು ಓದಲಾರೆ. ಓದಲಾರದ ಹಾಗೆ ಮಾಡಿದವನೂ ನಾನೇ.

ಹಾಗಾಗಿ ಈ ಭಾನುವಾರ ನಾನೇ ಬರುತ್ತೇನೆ. ಈ ಕಾಗದವನ್ನು ಇಲ್ಲಿಯೇ ಬಿಟ್ಟು ಬರುತ್ತೇನೆ, ಅದರ ಹಿಂದೆ ಮುಖ ಮುಚ್ಚಿಕೊಳ್ಳದ ಹಾಗೆ. ನಿಮ್ಮವ್ವನ ಎದುರು, ನಿನ್ನ ಗಂಡನ ಎದುರು, ಮುಖ್ಯವಾಗಿ ನಿನ್ನ ಮಗಳ ಎದುರು ಬಾಯಿಬಿಟ್ಟು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಅಂಗಳದಲ್ಲಿ ನಿಂತು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಆ ಮಗುವಿಗೆ ತಿಳಿಯಬೇಕಾದದ್ದು ಒಂದೇ ಇದೆ: ಅಂದು ಕಾಫಿ ಅಂಗಳದಲ್ಲಿ ಅವಳ ಅವ್ವ ಕೇಳಿದ್ದು ಸರಿಯಾಗಿತ್ತು. ಅವಳಿಗೆ ಬರುತ್ತಿತ್ತು.