ವೆಂಡೆಲ್ ಒಂದೇ ಸಲ ಕೇಳಿದ್ದು

ಅಮೆರಿಕದ ಉತ್ತರದಂಚಿನ ಚಳಿಯೂರಾದ ಡುಲುತ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ, ವೆಂಡೆಲ್ ಟಾಲಫ್ಸನ್‌ನಂಥ ಒಳ್ಳೆಯ ಮನುಷ್ಯ ಇಲ್ಲ ಅನ್ನುತ್ತಾರೆ. ಅಂಚೆಯವನು ಬಾಗಿಲಿಗೆ ಬಂದರೆ ಸಾಕು, ಕಾಫಿ ಬೇಕಾ ಅಂತ ಮೂರು ಸಲ ಕೇಳುತ್ತಾನೆ. ಅಲ್ಲಿಯವರ ಕ್ರಮವೇ ಅದು. ಮೊದಲ ಸಲ ಬೇಡ ಅನ್ನಬೇಕು, ಎರಡನೆಯ ಸಲ ನಿಮಗ್ಯಾಕೆ ತೊಂದರೆ ಅನ್ನಬೇಕು, ಮೂರನೆಯ ಸಲಕ್ಕೆ ಅರ್ಧ ಲೋಟ ಸಾಕು ಅಂತ ಒಪ್ಪಬೇಕು. ಮೊದಲು ಹೇಳಿದ ಬೇಡವನ್ನೇ ನಿಜವೆಂದು ನಂಬುವವನು ಶುದ್ಧ ಪೆದ್ದ.

ಇಂಥ ಮರ್ಯಾದಸ್ಥನಿಗೆ ಮನೆ ಬೆಚ್ಚಗಿಡುವ ಖರ್ಚಿನ ವಿಷಯ ಬಂದರೆ ಮಾತ್ರ ಜಿಪುಣತನದ ದೆವ್ವ ಹಿಡಿಯುತ್ತಿತ್ತು. ಗೋಡೆಯ ಮೇಲೆ ಮನೆಯ ಶಾಖ ಹೆಚ್ಚುಕಡಿಮೆ ಮಾಡುವ, ಅವನಪ್ಪನ ಕಾಲದ ದುಂಡನೆಯ ಥರ್ಮೋಸ್ಟಾಟ್. ಹೆಂಡತಿ ಮರ್ನಾ ಓಡಾಡುವಾಗ ಅದನ್ನು ಚೂರು ಮೇಲಕ್ಕೆ ತಿರುಗಿಸುವಳು, ಇವನು ಹಿಂದೆಯೇ ಬಂದು ಕೆಳಕ್ಕಿಳಿಸುವನು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಿದವರಲ್ಲ.

ಕೆಲಸದಿಂದ ನಿವೃತ್ತನಾದ ವರ್ಷ ವೆಂಡೆಲ್ ಹೊಸದೊಂದನ್ನು ತಂದ. ಹೊತ್ತು ಹೇಳಿಕೊಟ್ಟರೆ ತಾನೇ ಶಾಖ ಏರಿಸಿ ಇಳಿಸುವ ಯಂತ್ರ. ಹಳೆಯದನ್ನು ಬಿಚ್ಚಿ, ತಂತಿಗಳಿಗೆ ಗುರುತು ಹಾಕಿ, ಹೊಸದನ್ನು ಕೂರಿಸಿದ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದು ಅಂತ ಅದು ಕೇಳಿತು. ಹೆಪ್ಪುಗಟ್ಟಿದ ಕೆರೆಯ ಮೇಲೆ ತಾನು ಮೀನು ಹಿಡಿಯಲು ಹೋಗುವ ಹೊತ್ತನ್ನು, ಅಂದರೆ ಹಗಲಿಡೀ, ಒತ್ತಿದ. ಬೇರೆ ಯಾರೂ ಬದಲಿಸದಂತೆ ಗುಟ್ಟಿನ ಅಂಕಿಯನ್ನೂ ಹಾಕಿದ.

"ಹಗಲು ಸ್ವಲ್ಪ ತಣ್ಣಗಿರುತ್ತೆ. ನಿಂಗೆ ಚಳಿಯಾಗಲ್ಲ ತಾನೇ?"

"ಅಯ್ಯೋ ಇಲ್ಲಪ್ಪ, ಪರವಾಗಿಲ್ಲ," ಅಂದಳು ಮರ್ನಾ.

ಸದ್ಯ, ಮುಗೀತು ಅಂದುಕೊಂಡ. ಒಂದೇ ಸಲ ಕೇಳಿದ್ದ, ಮಹರಾಯ!

ಆ ಚಳಿಗಾಲ ಮರ್ನಾ ಬೆಳಗಾದರೆ ಚರ್ಚಿನ ನೆಲಮಾಳಿಗೆಗೆ ಹೊರಡತೊಡಗಿದಳು. ದೂರದೇಶದ ನಿರಾಶ್ರಿತರಿಗೆಂದು ಹೆಂಗಸರು ಅಲ್ಲಿ ಕೌದಿ ಹೊಲಿಯುತ್ತಿದ್ದರು. ಉಳಿದವರು ಆಗಾಗ ಬಂದರೆ ಇವಳು ದಿನಾ ಹಾಜರು. ಪಾದ್ರಿ ಎಲ್ಲರೆದುರು ಅವಳನ್ನು ಹೊಗಳಿದಾಗ ವೆಂಡೆಲ್ ಎದೆಯುಬ್ಬಿಸಿ ಕೂತಿದ್ದ. ಅದೇ ಹುರುಪಿನಲ್ಲಿ, ಚರ್ಚಿಗೂ ಅಂಥದೇ ಯಂತ್ರವನ್ನು ತಾನೇ ಹಾಕಿಕೊಡುವೆನೆಂದು ಮಾತು ಕೊಟ್ಟ.

ಸ್ಕ್ರೂಡ್ರೈವರ್ ಹಿಡಿದು ನೆಲಮಾಳಿಗೆಗೆ ಇಳಿದರೆ ಹೆಂಗಸರೆಲ್ಲ ಮಾತು ನಿಲ್ಲಿಸಿಬಿಟ್ಟರು. ಮರ್ನಾ ಹೀಟರಿಗೆ ಅಂಟಿಕೊಂಡಂತೆ ಕೂತಿದ್ದಳು, ತಲೆಯೆತ್ತಲಿಲ್ಲ.

"ಇಲ್ಲೇನು ಕಿತ್ತುಹಾಕೋಕೆ ಬಂದ್ಯೋ?" ಅವಳ ಬಾಲ್ಯದ ಗೆಳತಿ ಬರ್ನೀಸ್ ಕೇಳಿದಳು.

"ಹಗಲೆಲ್ಲ ಸುಮ್ಮನೆ ಉರೀತಿರುತ್ತಲ್ಲ ಬರ್ನೀಸ್. ಯಾರೂ ಇಲ್ಲದಾಗ ತಗ್ಗಿಸೋಣ ಅಂತ."

"ಯಾರೂ ಇಲ್ಲದಾಗ! ನಿನ್ನ ಹೆಂಡ್ತಿ ಇರ್ತಾಳಲ್ಲೋ ಮಾರಾಯ! ಮನೇಲಂತೂ ಅವಳನ್ನ ಲೆಕ್ಕಕ್ಕೇ ಹಿಡೀಲಿಲ್ಲ ನೀನು. ಇದನ್ನೂ ಆರಿಸಿಬಿಟ್ರೆ ಬೆಚ್ಚಗಿರೋಕೆ ಇನ್ನೆಲ್ಲಿಗೆ ಹೋಗ್ಬೇಕು ಅವಳು?"

"ಬರ್ನೀಸ್, ಸುಮ್ನಿರೇ," ಅಂದಳು ಮರ್ನಾ.

ಇನ್ನೊಬ್ಬಾಕೆ ಅವಸರ ಅವಸರವಾಗಿ, "ಕಾಫಿ ಕುಡೀತೀಯಾ ವೆಂಡೆಲ್?" ಅಂದಳು. ಬೈದಿದ್ದರೆ ವಾಸಿಯಿತ್ತು. ಇವರೆಲ್ಲರಿಗೂ ಗೊತ್ತಿತ್ತು. ಭಾನುವಾರ ಭಾನುವಾರ ಕೈಕುಲುಕಿ ನಕ್ಕವರಿಗೆಲ್ಲ ಗೊತ್ತಿತ್ತು. ಅವನ ಕಿವಿ ಕೆಂಡವಾಯಿತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಸ್ಕ್ರೂಡ್ರೈವರನ್ನು ಜೇಬಿಗೆ ತುರುಕಿ, ಯಾರ ಮುಖವನ್ನೂ ನೋಡಲಾರದೆ ಮೆಟ್ಟಿಲು ಹತ್ತಿದ.

ಮನೆಗೆ ಬಂದವನು ಹೊಸದನ್ನು ಬಿಚ್ಚಿ, ಹಳೆಯ ದುಂಡನೆಯದನ್ನೇ ಹುಡುಕಿ ತಂದು ಗೋಡೆಗೆ ಹಾಕಿದ. ಮರ್ನಾ ಒಳಗೆ ಬರುತ್ತಲೇ, "ನಿಂಗೆ ಬೇಕಾದಷ್ಟು ತಿರುಗಿಸ್ಕೋ," ಅಂದ.

"ಬೇಡ ಬಿಡು, ಚೆನ್ನಾಗೇ ಇದೆ."

"ಚಳಿ ಆಗ್ತಿಲ್ವಾ?"

"ಸ್ವೆಟರ್ ಇದೆಯಲ್ಲ. ನಿಂಗ್ಯಾಕೆ ತೊಂದರೆ?"

ವೆಂಡೆಲ್‌ಗೆ ಆಗ ಹೊಳೆಯಿತು. ಅಂಚೆಯವನಿಗೆ ತಪ್ಪದೆ ಸಲ್ಲುತ್ತಿದ್ದ ಆ ಮೂರನೆಯ ಸಲ, ಇವಳಿಗೆ ಒಂದು ದಿನವೂ ಸಂದಿರಲಿಲ್ಲ.

"ಮರ್ನಾ, ನಿಜ ಹೇಳು. ಚಳಿ ಆಗುತ್ತಾ?"

ಅವಳಿನ್ನೂ ಕೋಟು ಬಿಚ್ಚಿರಲಿಲ್ಲ. "ಸ್ವಲ್ಪ," ಅಂದಳು.

"ಯಾವಾಗಿಂದ?"

"ಮದುವೆಯಾದಾಗಿನಿಂದ."