ಶನಿವಾರದ ಗರುಡ

ಬಿ.ಎಸ್ಸಿ. ಮುಗಿಸಿದವನು ನಮ್ಮ ಮನೆತನದಲ್ಲಿ ನಾನೇ ಮೊದಲು. ರಾಗಿ ಹೊಲದಲ್ಲಿ ಕಳೆ ಕಿತ್ತು, ಸರಕ್ಕಿಯಿಂದ ಕಾಲೇಜಿಗೆ ನಡೆದು ಓದಿದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಸಹಾಯಕನ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಅದು ಬಿದ್ದದ್ದು ಶನಿವಾರ, ಹನ್ನೊಂದು ಗಂಟೆಗೆ.

ಶನಿವಾರ ಆಕಾಶದಲ್ಲಿ ಗರುಡನನ್ನು ಕಂಡು, ಕಣ್ಣು ಮುಚ್ಚಿ ಕೈ ಮುಗಿದು, ಕೆನ್ನೆ ತಟ್ಟಿಕೊಳ್ಳುವ ತನಕ ಅವ್ವ ಊಟ ಮುಟ್ಟುತ್ತಿರಲಿಲ್ಲ.

“ಗರುಡನ್ ನೋಡ್ದೆ ಹೋಗ್ಬ್ಯಾಡ ಕಣಪ್ಪ,” ಎಂದಳು.

“ನನ್ ಇಂಟರ್‌ವ್ಯೂ ಗರುಡಂಗೇನ್ ಗೊತ್ತವ್ವ?”

“ನಿನ್ ಪರೀಕ್ಷೆ ಗೊತ್ತಿರ್ಲಿಲ್ವಾ? ಪಾಸ್ ಆಗ್ಲಿಲ್ವಾ?”

ಇಸ್ತ್ರಿ ಅಂಗಿ ತೊಟ್ಟು ಅಂಗಳಕ್ಕೂ ಕೆರೆ ಏರಿಗೂ ತಿರುಗಿದೆ. ಚಳಿಗೆ ಒಂದು ಹಕ್ಕಿಯೂ ಮೇಲೇಳಲಿಲ್ಲ. ದೂರದಲ್ಲಿ ಬಸ್ಸು ಹೋದ ಸದ್ದು ಕೇಳಿಸಿತು. ಆಗ ನೆನಪಾಯಿತು. ನಮ್ಮ ಹೊಲಗಳಿದ್ದ ಕಡೆ ಜಯನಗರದ ಹೊಸ ಟಾರು ರಸ್ತೆ ಬಂದಿತ್ತು. ದನ ಹೊಡೆದುಕೊಂಡು ಹೋಗುವಾಗ ಬರಿಗಾಲು ಸುಡುತ್ತಿದ್ದ ಆ ರಸ್ತೆಯ ಮೇಲೆಯೇ ಗರುಡ ಮೊದಲು ಏಳುತ್ತಿತ್ತು. ಅವ್ವನ ಕೈ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದೆ. ಬಿಸಿಲು ಬಲಿಯಿತು, ಬಿಳಿ ತಲೆಯ ಗರುಡ ರೆಕ್ಕೆ ಬಡಿಯದೆ ಸುತ್ತುತ್ತ ಏರಿತು. ಇಬ್ಬರೂ ಕೈ ಮುಗಿದೆವು. ನಾನು ಓಡಿದೆ.

ನಾನು ವಿಭಾಗ ಮುಟ್ಟುವ ಹೊತ್ತಿಗೆ ಇಬ್ಬರು ಪ್ರೊಫೆಸರುಗಳು ಏಳುತ್ತಿದ್ದರು. ಬಸ್ಸು ತಪ್ಪಿತು ಅನ್ನಬೇಕೆಂದಿದ್ದೆ, ಆದರೆ ಬಾಯಿಗೆ ಬಂದದ್ದು ನಿಜ ಸಂಗತಿ: ಅವ್ವ, ಟಾರು ರಸ್ತೆ, ಚಿಕ್ಕಂದಿನಿಂದ ನೋಡುತ್ತಿರುವ ಗರುಡ. ಕಿರಿಯರು ನಕ್ಕರು. ಹಿರಿಯರು ಮತ್ತೆ ಕುಳಿತರು.

“ಟಾರು ರಸ್ತೆ ಮೇಲೇ ಯಾಕ್ರೀ?”

“ಬೇಗ ಕಾಯುತ್ತೆ ಸಾರ್. ಬಿಸಿ ಗಾಳಿ ಮೇಲಕ್ಕೇಳುತ್ತೆ, ಹಕ್ಕಿ ಅದರ ಜೊತೆ ಏರುತ್ತೆ.”

“ಸುತ್ತುವಾಗ ಬಾಲ ಏನ್ಮಾಡುತ್ತೆ?”

“ನೋಡಿಲ್ಲ ಸಾರ್.”

“ಚಿಕ್ಕಂದಿನಿಂದ ನೋಡ್ತಿದೀನಿ ಅಂದ್ರಲ್ಲ?”

“ಕಂಡ ತಕ್ಷಣ ಕಣ್ಣು ಮುಚ್ಚಿ ಕೈ ಮುಗೀತೀವಿ ಸಾರ್.”

ಈಗ ಹಿರಿಯರೂ ನಕ್ಕರು. “ಕಣ್ಣು ಬಿಟ್ಕೊಂಡು ನೋಡಿ ಬನ್ನಿ. ಆಮೇಲೆ ಕೆಲಸದ ಮಾತು.”

ಕೆಲಸ ಸಿಕ್ಕಿತೋ ಕೈತಪ್ಪಿತೋ ತಿಳಿಯದೆ ಮನೆಗೆ ಬಂದೆ. ಆ ವಾರವೆಲ್ಲ ಮೋಡ. ದಿನವೂ ರಸ್ತೆಗೆ ಹೋಗಿ ಬರಿ ಆಕಾಶ ನೋಡಿ ಮರಳಿದೆ. ಮುಂದಿನ ಶನಿವಾರ ಬಿಸಿಲು ಬಂತು, ಗರುಡವೂ ಬಂತು.

“ಕೈ ಮುಗಿಯೋ,” ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

“ನಂದೂ ಸೇರ್ಸಿ ನೀನೇ ಮುಗಿ.”

ಕೈ ಮೇಲೇಳುತ್ತಿತ್ತು, ಜೇಬಿಗೆ ತುರುಕಿದೆ. ರಾಗಿ ಕೇರುವವಳು ಮೊರವನ್ನು ಓರೆ ಮಾಡುವ ಹಾಗೆ ಗರುಡ ಬಾಲವನ್ನು ಒಂದು ಮಗ್ಗುಲಿಗೆ ಓರೆ ಮಾಡಿತು, ಆಮೇಲೆ ಇನ್ನೊಂದಕ್ಕೆ. ಇಷ್ಟು ವರ್ಷ ತಲೆಯ ಮೇಲೆಯೇ ಇತ್ತು.

ಸೋಮವಾರ ಅದನ್ನೇ ಕೈಯಲ್ಲಿ ಮಾಡಿ ತೋರಿಸಿದೆ. ಸೇರಿಸಿಕೊಂಡರು.

ಸುದ್ದಿ ಕೇಳಿದ ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: “ಅಂದ್ರೆ ಇನ್ಮೇಲೆ ನೀನು ಗರುಡಂಗೆ ಕೈ ಮುಗಿಯಲ್ವಾ?”

“ಮುಗೀತೀನಿ ಅವ್ವ. ಅದು ಮರೆಯಾದ್ಮೇಲೆ.”